ಸಣ್ಣ ಮೀನುತೊಟ್ಟಿಗೆ ಯಾವ ಫಿಲ್ಟರ್?

ಮಹಾನಗರದ ಫ್ಲ್ಯಾಟಿನಲ್ಲಿ ನಾಯಿ ಸಾಕೋಣವೆಂದರೆ ಸೊಸೈಟಿಯವರ ಆಕ್ಷೇಪ, ಬೆಕ್ಕೆಂದರೆ ಮನೆಯ ಹಿರಿಯರ ಆಕ್ಷೇಪ. ಕೊನೆಗೆ ಎಲ್ಲರೂ ಒಪ್ಪುವ ಜೀವಿಯೆಂದರೆ ಮೀನು. ಮಗುವಿನ ಹುಟ್ಟುಹಬ್ಬಕ್ಕೋ ಪರೀಕ್ಷೆ ಮುಗಿದ ಸಂತೋಷಕ್ಕೋ ಒಂದೂವರೆ ಅಡಿ, ಎರಡು ಅಡಿ ಉದ್ದದ ಗಾಜಿನ ತೊಟ್ಟಿಯೊಂದು ಮನೆಗೆ ಬರುತ್ತದೆ. ಮುಂಬಯಿಯಲ್ಲಾದರೆ ಕ್ರಾಫರ್ಡ್ ಮಾರ್ಕೆಟ್ಟಿನಿಂದಲೋ ಕುರ್ಲಾದಿಂದಲೋ, ಚೆನ್ನೈಯಲ್ಲಾದರೆ ಕೊಳತ್ತೂರಿನಿಂದಲೋ ಪ್ಲಾಸ್ಟಿಕ್ ಚೀಲದಲ್ಲಿ ಮೀನುಗಳು ಬರುತ್ತವೆ. ಮೊದಲ ವಾರವೆಲ್ಲ ಸಂಭ್ರಮ. ಎರಡನೆಯ ವಾರದಲ್ಲಿ ಒಂದು ಮೀನು ಸತ್ತು ತೇಲುತ್ತದೆ. ಮೂರನೆಯ ವಾರದಲ್ಲಿ ಇನ್ನೆರಡು. ನೀರು ನೋಡಿದರೆ ಸ್ಫಟಿಕದಂತೆ ತಿಳಿಯಾಗಿದೆ, ಫಿಲ್ಟರೂ ಗುಳುಗುಳು ಸದ್ದು ಮಾಡುತ್ತ ಓಡುತ್ತಿದೆ. ಹಾಗಿದ್ದೂ ಹೀಗೇಕಾಯಿತು ಎಂದು ಮಗು ಕೇಳಿದರೆ ತಂದೆತಾಯಿಯರ ಬಳಿ ಉತ್ತರವಿರುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ತೊಟ್ಟಿ ಬಾಲ್ಕನಿಗೆ, ಅಲ್ಲಿಂದ ಲಾಫ್ಟಿಗೆ ಏರುತ್ತದೆ. ನಮ್ಮ ಬಂಧುಮಿತ್ರರ ಮನೆಗಳಲ್ಲಿ ಹೀಗೆ ಲಾಫ್ಟ್ ಸೇರಿದ ತೊಟ್ಟಿಗಳನ್ನು ನಾವು ಹಲವು ಕಂಡಿದ್ದೇವೆ.

ತಪ್ಪು ಮಗುವಿನದಲ್ಲ, ಮೀನಿನದೂ ಅಲ್ಲ. ಫಿಲ್ಟರ್ ಇರುವುದು ನೀರನ್ನು ತಿಳಿಗೊಳಿಸಲಿಕ್ಕೆ ಎಂದು ನಾವೆಲ್ಲ ಭಾವಿಸಿರುವುದೇ ಬಹುಪಾಲು ತೊಟ್ಟಿಗಳು ಬರಿದಾಗಲು ಕಾರಣ. ನೀರು ತಿಳಿಯಾಗುವುದು ಫಿಲ್ಟರಿನ ಚಿಕ್ಕ ಕೆಲಸ. ದೊಡ್ಡ ಕೆಲಸ ಬೇರೆಯದೇ ಇದೆ, ಅದು ಕಣ್ಣಿಗೆ ಕಾಣುವಂಥದಲ್ಲ. ಅದನ್ನು ತಿಳಿದುಕೊಂಡರೆ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಪೆಟ್ಟಿಗೆಗಳಲ್ಲಿ ಯಾವುದನ್ನು ಕೊಳ್ಳಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. 30ರಿಂದ 60 ಲೀಟರ್ ನೀರು ಹಿಡಿಯುವ ಸಿಹಿನೀರಿನ ತೊಟ್ಟಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇವೆ.

ಬಾವಿಯ ಮೀನಿಗೆ ಯಾವ ಫಿಲ್ಟರ್ ಇತ್ತು?

ಊರಿನಿಂದ ಬಂದ ಹಿರಿಯರು ತೊಟ್ಟಿಯ ಮುಂದೆ ಕುಳಿತು ಕೇಳುವ ಪ್ರಶ್ನೆಯಿದು. ನ್ಯಾಯವಾದ ಪ್ರಶ್ನೆಯೇ. ನಮ್ಮ ಹಳ್ಳಿಯ ಬಾವಿಗಳಲ್ಲಿ ಮೀನುಗಳಿದ್ದುವು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ಕರ್ನಾಟಕದ ಎಷ್ಟೋ ಬಾವಿ ಕೆರೆಗಳಿಗೆ ಗಪ್ಪಿ ಮೀನುಗಳನ್ನು ಬಿಟ್ಟಿದ್ದೂ ಉಂಟು. ಅವಕ್ಕೆ ಯಾರೂ ಪಂಪು ಹಾಕಲಿಲ್ಲ, ನೀರು ಬದಲಿಸಲಿಲ್ಲ.

ಲೆಕ್ಕ ಹಾಕಿ ನೋಡೋಣ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು 9,000 ಲೀಟರಿಗೂ ಮಿಕ್ಕಿದ ನೀರು. ನಮ್ಮ ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಅಂಚಿನವರೆಗೆ ತುಂಬಿದರೂ ಸುಮಾರು 42 ಲೀಟರ್; ಕೆಳಗಿನ ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 35ಕ್ಕೆ ಇಳಿಯುತ್ತದೆ. ಬಾವಿಯಲ್ಲಿ ಹತ್ತು ಮೀನು ಮಾಡುವ ಹೊಲಸು ಎಲ್ಲಿ ಹೋಯಿತೆಂಬುದೇ ತಿಳಿಯುವುದಿಲ್ಲ. ಬಾವಿಯ ಕಲ್ಲುಕಟ್ಟಡದ ಮೇಲೆ, ತಳದ ಮಣ್ಣಿನಲ್ಲಿ ಆ ಹೊಲಸನ್ನು ಅರಗಿಸಿಕೊಳ್ಳುವ ಜೀವಾಣುಗಳು ಬೇಕಾದಷ್ಟಿರುತ್ತವೆ. ಶೃಂಗೇರಿಯಲ್ಲಿ ನಾವೆಲ್ಲ ಮಂಡಕ್ಕಿ ಹಾಕಿ ಬಂದ ಮೀನುಗಳನ್ನು ನೆನೆಯಿರಿ. ಅಲ್ಲಿ ತುಂಗೆಯೇ ಹರಿದು ಬಂದು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತಾಳೆ. ನಮ್ಮ ತೊಟ್ಟಿಗೆ ಬಾವಿಯ ವಿಸ್ತಾರವೂ ಇಲ್ಲ, ಹೊಳೆಯ ಹರಿವೂ ಇಲ್ಲ. ಎರಡರ ಕೆಲಸವನ್ನೂ ಒಂದು ಅಂಗೈಯಷ್ಟು ಜಾಗದಲ್ಲಿ ಮಾಡಬೇಕಾದದ್ದು ಫಿಲ್ಟರ್.

ಹೊಲಸು ಎಂದೆವಲ್ಲ, ಅದರಲ್ಲಿ ಮುಖ್ಯವಾದದ್ದು ಅಮೋನಿಯಾ. ಮೀನು ಅದನ್ನು ಬಹುಪಾಲು ತನ್ನ ಕಿವಿರುಗಳ ಮೂಲಕವೇ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆಗಳೂ ಕೊನೆಗೆ ಅಮೋನಿಯಾವೇ ಆಗುತ್ತವೆ. ಮೀನನ್ನು ಕೊಲ್ಲುವಷ್ಟು ಅಮೋನಿಯಾ ಇದ್ದರೂ ನೀರಿನ ಬಣ್ಣ ಬದಲಾಗದು, ನಮ್ಮ ಮೂಗಿಗೂ ತಿಳಿಯದು. ದೆಹಲಿಯ ಓದುಗರಿಗೆ ಈ ಹೆಸರು ಹೊಸದಲ್ಲ. ಯಮುನೆಯಲ್ಲಿ ಅಮೋನಿಯಾ ಏರಿತೆಂದು ನೀರು ಶುದ್ಧೀಕರಣ ಘಟಕಗಳು ಕೆಲಸ ತಗ್ಗಿಸಿದ ಸುದ್ದಿಯನ್ನು ಅವರು ಚಳಿಗಾಲದ ಪತ್ರಿಕೆಗಳಲ್ಲಿ ಓದಿರುತ್ತಾರೆ. ನದಿಗೆ ಬಂದ ಆ ಸಂಕಟವೇ ಸಣ್ಣ ಪ್ರಮಾಣದಲ್ಲಿ ನಮ್ಮ ಟಿ.ವಿ. ಪಕ್ಕದ ತೊಟ್ಟಿಗೂ ಬರುತ್ತದೆ.

ನೀರಿನ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಅಮೋನಿಯಾದ ಒಂದಂಶ ಮಾತ್ರ ತೀವ್ರ ವಿಷ, ಉಳಿದದ್ದು ಅಷ್ಟು ಅಪಾಯಕರವಲ್ಲದ ರೂಪದಲ್ಲಿರುತ್ತದೆ. ನೀರಿನ ಪಿಎಚ್ 7 ಇದ್ದಾಗ ಇರುವ ವಿಷದ ಅಂಶ, ಪಿಎಚ್ 8 ಆದಾಗ ಸುಮಾರು ಹತ್ತು ಪಟ್ಟಾಗುತ್ತದೆ. ಬಿಸಿಲೇರಿ ನೀರು ಬೆಚ್ಚಗಾದಂತೆಯೂ ಅದು ಹೆಚ್ಚುತ್ತದೆ. ಮುಂಬಯಿಗೆ ಭಾತ್ಸಾ, ವೈತರಣಾ, ತಾನ್ಸಾ ಮುಂತಾದ ಜಲಾಶಯಗಳಿಂದ ಬರುವುದು ಮೆದುನೀರು. ಚೆನ್ನೈ, ಹೈದರಾಬಾದುಗಳ ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು. ಪಿಎಚ್ ಕೂಡ ಹೆಚ್ಚಿರುವುದುಂಟು. ಟ್ಯಾಂಕರಿನ ನೀರನ್ನು ಬಳಸುವ ಮನೆಗಳಲ್ಲಿ ಫಿಲ್ಟರಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕೆನ್ನುವುದು ಇದಕ್ಕಾಗಿಯೇ.

ಹೆಪ್ಪಿನ ನ್ಯಾಯ

ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ 1850ರಲ್ಲಿ ಅಲ್ಲಿನ ಕೆಮಿಕಲ್ ಸೊಸೈಟಿಯ ಮುಂದೆ ಒಂದು ಪ್ರಯೋಗವನ್ನು ವಿವರಿಸಿದ. ಗಾಜಿನ ಪಾತ್ರೆಯಲ್ಲಿ ಎರಡು ಚಿನ್ನದ ಮೀನು, ನೀರುಗಿಡ, ಕೊಳೆತದ್ದನ್ನು ತಿನ್ನಲು ಬಸವನಹುಳುಗಳು. ನೀರು ಬದಲಿಸದೆ ಅವು ಬದುಕಿದ್ದುವು. ಗಿಡವೂ ಪ್ರಾಣಿಯೂ ಒಂದನ್ನೊಂದು ಸಾಕುತ್ತವೆಂದು ಆತ ತಿಳಿದ. ಅದು ನಿಜವೇ, ಆದರೆ ಪೂರ್ತಿ ನಿಜವಲ್ಲ. ಕಣ್ಣಿಗೆ ಕಾಣದ ಮೂರನೆಯ ಪಾಲುದಾರರೊಬ್ಬರು ಅಲ್ಲಿದ್ದರು. ನಲವತ್ತು ವರ್ಷಗಳ ನಂತರ, 1890ರ ಸುಮಾರಿಗೆ, ರಷ್ಯದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಅಮೋನಿಯಾವನ್ನೇ ಇಂಧನವಾಗಿ ಬಳಸಿ ಬದುಕುವ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ. ಮೂರನೆಯದನ್ನು ಮೀನು ಸಾಕಷ್ಟು ತಾಳಿಕೊಳ್ಳುತ್ತದೆ, ವಾರಕ್ಕೊಮ್ಮೆ ನೀರಿನ ಒಂದಂಶ ಬದಲಿಸಿದರೆ ಅದು ಹೊರಗೆ ಹೋಗುತ್ತದೆ. ತೊಟ್ಟಿಗಳಲ್ಲಿ ಈ ಎರಡನೆಯ ಕೆಲಸವನ್ನು ಮುಖ್ಯವಾಗಿ ಮಾಡುವುದು ನೈಟ್ರೋಸ್ಪೈರಾ ಎಂಬ ಜಾತಿಯೆಂದು 1998ರಲ್ಲಿ ಅಮೆರಿಕದ ಟಿಮತಿ ಹೊವಾನೆಕ್ ಮತ್ತು ಸಂಗಡಿಗರು ತೋರಿಸಿದರು. ಅಲ್ಲಿಯವರೆಗೆ ಪುಸ್ತಕಗಳೆಲ್ಲ ಬೇರೊಂದು ಹೆಸರನ್ನೇ ಹೇಳುತ್ತಿದ್ದುವು.

ಈ ಜೀವಾಣುಗಳು ನೀರಿನಲ್ಲಿ ತೇಲಿಕೊಂಡಿರುವುದು ತೀರ ಕಡಿಮೆ. ಅವು ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು, ಆಮ್ಲಜನಕವಿರುವ ನೀರು ತಮ್ಮ ಮೇಲೆ ಸದಾ ಹರಿಯುತ್ತಿರಬೇಕೆಂದು ಬಯಸುವಂಥವು. ಫಿಲ್ಟರಿನೊಳಗಿನ ಸ್ಪಂಜು ಅವುಗಳಿಗೆ ಕಟ್ಟಿಕೊಟ್ಟ ವಸತಿ. ಮುಷ್ಟಿಗಾತ್ರದ ಸ್ಪಂಜಿನೊಳಗಿನ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ತೊಟ್ಟಿಯ ಗಾಜುಗಳ ಒಟ್ಟು ವಿಸ್ತಾರವನ್ನು ಮೀರಬಹುದು. ಪಂಪು ಆ ವಸತಿಗೆ ನೀರು, ಗಾಳಿ, ಆಹಾರ ಒದಗಿಸುವ ವ್ಯವಸ್ಥೆ, ಅಷ್ಟೆ.

ಮೊಸರಿನ ಹೆಪ್ಪನ್ನು ಬಲ್ಲ ನಮ್ಮ ಮನೆಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೊಸ ಫಿಲ್ಟರೆಂದರೆ ಹೆಪ್ಪು ಹಾಕದ ಹಾಲು. ತಾನಾಗಿ ಅದು ಪಕ್ವವಾಗಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತಂದ ದಿನವೇ ಹನ್ನೆರಡು ಮೀನು ಬಿಟ್ಟರೆ ಅಮೋನಿಯಾ ಏರುವುದು ಎರಡನೆಯ ವಾರದಲ್ಲಿ, ನೈಟ್ರೈಟ್ ಏರುವುದು ಅದರ ಹಿಂದೆ. ಲೇಖನದ ಆರಂಭದಲ್ಲಿ ಹೇಳಿದ ಸಾವುಗಳ ದಿನಾಂಕಗಳು ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತವೆ. ಆದರೆ ಹಳೆಯ ತೊಟ್ಟಿಯಿರುವ ಪರಿಚಿತರಿಂದ ಬಳಸಿದ ಸ್ಪಂಜಿನ ಒಂದು ತುಂಡನ್ನು ತಂದು ಹೊಸ ಫಿಲ್ಟರಿನಲ್ಲಿ ಸೇರಿಸಿದರೆ ಅವಧಿ ಬಹಳ ಕಡಿಮೆಯಾಗುತ್ತದೆ. ತರುವಾಗ ಆ ತುಂಡು ಒಣಗಬಾರದು, ಅದೇ ತೊಟ್ಟಿಯ ನೀರಿನಲ್ಲಿ ಅದ್ದಿ ತರಬೇಕು. ಅವರ ತೊಟ್ಟಿಯ ಮೀನುಗಳು ರೋಗವಿಲ್ಲದೆ ಇರಬೇಕು. ನೆರೆಮನೆಯಿಂದ ಹೆಪ್ಪು ತರುವ ಪದ್ಧತಿ ಫ್ಲ್ಯಾಟುಗಳಲ್ಲಿ ಕಡಿಮೆಯಾಗುತ್ತಿದೆ. ಸಂಘದ ಬಳಗದಲ್ಲಿ ಮೀನು ಸಾಕುವವರು ಯಾರಿದ್ದಾರೆಂದು ಒಮ್ಮೆ ವಿಚಾರಿಸಿ ನೋಡುವುದು ಮೇಲು. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾಗಳೂ ಇವೆ. ಬಿಸಿಲಿನಲ್ಲಿ, ಗೋದಾಮಿನಲ್ಲಿ ಎಷ್ಟು ಕಾಲ ಕಳೆದು ಬಂದ ಬಾಟಲಿಯೆಂದು ಕೊಳ್ಳುವವನಿಗೆ ತಿಳಿಯುವಂತಿಲ್ಲವಾದ್ದರಿಂದ ನಮಗೆ ಅವುಗಳ ಮೇಲೆ ಅಷ್ಟು ಭರವಸೆಯಿಲ್ಲ.

ಅಂಗಡಿಯ ಸಾಲಿನಲ್ಲಿ

ಈಗ ಆಯ್ಕೆಯ ಮಾತು. 60 ಲೀಟರಿನೊಳಗಿನ ತೊಟ್ಟಿಗೆ ನಾವು ಮೊದಲು ಹೇಳುವ ಹೆಸರು ಅಂಗಡಿಯವರು ಕೊನೆಗೆ ತೋರಿಸುವಂಥದು: ಗಾಳಿಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್. ಬೆಲೆ ಅಲ್ಪವಾದ್ದರಿಂದ ಅದನ್ನು ಮಾರುವವನಿಗೆ ಉತ್ಸಾಹ ಕಡಿಮೆ. ರಚನೆ ತೀರ ಸರಳ. ಒಂದು ಕೊಳವೆ, ಅದರ ಬುಡದಲ್ಲಿ ಸ್ಪಂಜು. ಹೊರಗಿನ ಪಂಪು ಕೊಳವೆಯೊಳಕ್ಕೆ ಗಾಳಿ ಊದುತ್ತದೆ. ಗುಳ್ಳೆಗಳು ಮೇಲೇರುವಾಗ ನೀರನ್ನೂ ಜೊತೆಗೊಯ್ಯುತ್ತವೆ. ಆ ನೀರಿನ ಜಾಗಕ್ಕೆ ತೊಟ್ಟಿಯ ನೀರು ಸ್ಪಂಜಿನ ಮೂಲಕ ಬರುತ್ತದೆ. ನೀರಿನೊಳಗೆ ವಿದ್ಯುತ್ತಿನ ಭಾಗ ಒಂದೂ ಇಲ್ಲ, ಸವೆಯುವ ಚಕ್ರವಿಲ್ಲ. ಮರಿಮೀನುಗಳು ಒಳಗೆ ಸಿಕ್ಕಿಬೀಳುವ ಭಯವಿಲ್ಲ. ಗುಳ್ಳೆಗಳು ಮೇಲ್ಮೈಯನ್ನು ಕದಡುವುದರಿಂದ ನೀರಿಗೆ ಆಮ್ಲಜನಕವೂ ಸೇರುತ್ತದೆ. ನಮ್ಮ ಸೆಖೆಯ ನಗರಗಳಿಗೆ ಇದು ಸಣ್ಣ ಮಾತಲ್ಲ: 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಹಿಡಿಯುವುದು 7.5 ಮಾತ್ರ. ಕೊಳ್ಳುವಾಗ ಸ್ಪಂಜು ತುಸು ಒರಟಾಗಿರುವುದನ್ನು ನೋಡಿ. ತೀರ ನಯವಾದದ್ದು ಬೇಗ ಕಟ್ಟಿಕೊಳ್ಳುತ್ತದೆ. ಎರಡು ಸ್ಪಂಜುಗಳಿರುವ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ವಾರ ಒಂದನ್ನು, ಇನ್ನೊಂದು ವಾರ ಮತ್ತೊಂದನ್ನು ತೊಳೆಯಬಹುದು.

ದೋಷಗಳೂ ಇವೆ. ನೋಡಲು ಅಂದವಿಲ್ಲ, ಗಿಡದ ಹಿಂದೆ ಮರೆಮಾಡಬೇಕು. ನೀರಿನಲ್ಲಿ ತೇಲುವ ಸಣ್ಣ ಕಸವನ್ನು ಅದು ಚೆನ್ನಾಗಿ ಹಿಡಿಯುವುದಿಲ್ಲ. ಎಲ್ಲಕ್ಕಿಂತ ದೊಡ್ಡ ದೋಷ ಪಂಪಿನ ಗುಂಯ್ ಎನ್ನುವ ಸದ್ದು. ಹಾಲ್‌ನಲ್ಲಿಯೇ ನಾಲ್ಕು ಜನ ಮಲಗುವ ಮನೆಗಳಲ್ಲಿ ರಾತ್ರಿ ಆ ಸದ್ದನ್ನು ಸಹಿಸದೆ ಸ್ವಿಚ್ ಆರಿಸುತ್ತಾರೆ, ಬೆಳಿಗ್ಗೆ ಮತ್ತೆ ಹಾಕುತ್ತಾರೆ. ದಿನವೂ ಎಂಟು ಗಂಟೆ ಆಮ್ಲಜನಕ ಕಡಿಮೆಯಾದರೆ ಆ ಜೀವಾಣುಗಳ ವಸತಿ ಬೆಳೆಯುವುದೆಂತು? ಆದ್ದರಿಂದ ಪಂಪನ್ನು ಕೊಳ್ಳುವ ಮುನ್ನ ಅಂಗಡಿಯಲ್ಲಿ ಓಡಿಸಿ, ಕಿವಿಗೆ ಹತ್ತಿರ ಹಿಡಿದು ಕೇಳಿ. ಮನೆಯಲ್ಲಿ ಮಡಚಿದ ಬಟ್ಟೆಯ ಮೇಲೋ ಫೋಮಿನ ತುಂಡಿನ ಮೇಲೋ ಇಟ್ಟರೆ ಸದ್ದು ಎಷ್ಟೋ ಕಡಿಮೆಯಾಗುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಬೇಕು. ಕೆಳಗಿಟ್ಟರೆ ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಮ್ಮುಖವಾಗಿ ಹರಿದು ಪಂಪಿಗೂ ನೆಲಕ್ಕೂ ಇಳಿಯಬಹುದು. ಇದನ್ನು ತಡೆಯುವ ಪುಟ್ಟ ವಾಲ್ವ್ ಅಂಗಡಿಯಲ್ಲಿ ಅತಿ ಕಡಿಮೆ ಬೆಲೆಗೆ ಸಿಗುತ್ತದೆ. ಕೇಳಿ ತೆಗೆದುಕೊಳ್ಳಿ, ಅವರಾಗಿ ಕೊಡುವುದು ಅಪರೂಪ.

ಸದ್ದು ಸರ್ವಥಾ ಬೇಡವೆನ್ನುವವರಿಗೆ ನೀರಿನೊಳಗೇ ಮುಳುಗಿರುವ ಪವರ್ ಫಿಲ್ಟರ್ ಇದೆ. ಪ್ಲಾಸ್ಟಿಕ್ ಕವಚದೊಳಗೆ ಸ್ಪಂಜು, ಮೇಲೆ ಸಣ್ಣ ಮೋಟಾರು. ಕಸವನ್ನು ಚೆನ್ನಾಗಿ ಹಿಡಿಯುತ್ತದೆ. ಸ್ಪಂಜಿನ ಗಾತ್ರ ಮಾತ್ರ ಬಹುಪಾಲು ಅಗ್ಗದ ಮಾದರಿಗಳಲ್ಲಿ ಬೆಂಕಿಪೊಟ್ಟಣದಷ್ಟಿರುತ್ತದೆ. ಮೋಟಾರು ಎಷ್ಟು ಜೋರಾಗಿದೆ ಎಂಬುದಕ್ಕಿಂತ ಸ್ಪಂಜು ಎಷ್ಟು ದೊಡ್ಡದಿದೆ ಎಂಬುದನ್ನು ನೋಡಿ ಕೊಳ್ಳಬೇಕು. ತೊಟ್ಟಿಯ ಹಿಂದಿನ ಗಾಜಿಗೆ ತೂಗುಹಾಕುವ ಬಗೆಯವು ಇದಕ್ಕಿಂತ ಮೇಲು. ಒಳಗೆ ಜಾಗ ತಿನ್ನುವುದಿಲ್ಲ, ಹೊರಗಿನ ಪೆಟ್ಟಿಗೆಯಲ್ಲಿ ಸ್ಪಂಜು, ಸೆರಾಮಿಕ್ ಉಂಗುರಗಳನ್ನು ನಮ್ಮ ಇಚ್ಛೆಯಂತೆ ತುಂಬಬಹುದು, ನೀರು ಪುಟ್ಟ ಜಲಪಾತದಂತೆ ಬೀಳುವುದರಿಂದ ಗಾಳಿಯೂ ಸೇರುತ್ತದೆ. ಇವುಗಳೊಡನೆ ಬರುವ ಕಾರ್ಟ್ರಿಜ್ಜಿನ ವಿಷಯದಲ್ಲಿ ಎಚ್ಚರ ಬೇಕು. ತಿಂಗಳಿಗೊಮ್ಮೆ ಇದನ್ನು ಎಸೆದು ಹೊಸದು ಹಾಕಿ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಹಾಗೆ ಮಾಡಿದರೆ ತಿಂಗಳಿಗೊಮ್ಮೆ ಹೆಪ್ಪನ್ನೇ ಎಸೆದಂತೆ. ಅದರ ಬದಲು ಒಂದು ಒರಟು ಸ್ಪಂಜನ್ನು ಅಳತೆಗೆ ಕತ್ತರಿಸಿ ಇಟ್ಟರೆ ವರ್ಷಗಟ್ಟಲೆ ಬಾಳಿಕೆ ಬರುತ್ತದೆ. ಮುಚ್ಚಳದ ಮೇಲೆ ಉದ್ದಕ್ಕೆ ಕೂರುವ ಟಾಪ್ ಫಿಲ್ಟರ್ ನಮ್ಮ ಪೇಟೆಗಳಲ್ಲಿ ಬಹಳ ಬಳಕೆಯಲ್ಲಿದೆ, ಕೆಲಸಕ್ಕೆ ಅದೂ ಮೋಸವಿಲ್ಲ.

ಕಲ್ಲಿನ ಕೆಳಗೆ ತೂತಿನ ತಟ್ಟೆ ಹಾಸುವ ಹಳೆಯ ಪದ್ಧತಿಯನ್ನು ನಾವು ಈಗ ಶಿಫಾರಸು ಮಾಡುವುದಿಲ್ಲ. ವರ್ಷ ಕಳೆದಂತೆ ತಟ್ಟೆಯ ಅಡಿಯಲ್ಲಿ ಕೆಸರು ಸೇರುತ್ತದೆ, ತೆಗೆಯಬೇಕಾದರೆ ಇಡೀ ತೊಟ್ಟಿಯನ್ನೇ ಕದಲಿಸಬೇಕು. ತೊಟ್ಟಿಯ ಕೆಳಗೆ ಡಬ್ಬಿಯಂತೆ ಇಡುವ ಕ್ಯಾನಿಸ್ಟರ್ ಫಿಲ್ಟರ್ ದೊಡ್ಡ ತೊಟ್ಟಿಗಳಿಗೆ ಉತ್ತಮ, 40 ಲೀಟರಿಗೆ ಅಷ್ಟು ಖರ್ಚು ವ್ಯರ್ಥ. ಇನ್ನು ಬಾಯಿ ತೆರೆದು ಗುಳ್ಳೆ ಬಿಡುವ ನಿಧಿಪೆಟ್ಟಿಗೆ, ಮುಳುಗುಗಾರನ ಗೊಂಬೆ ಇವೆಲ್ಲ ಮಕ್ಕಳಿಗೆ ಆಟಿಕೆಗಳು. ಗಾಳಿ ಕೊಡುತ್ತವೆ, ಫಿಲ್ಟರ್ ಆಗಲಾರವು. ಕರಿಯ ಇದ್ದಿಲಿನ ಪೊಟ್ಟಣ ನೀರಿನ ಬಣ್ಣ, ವಾಸನೆ, ಔಷಧಿಯ ಶೇಷವನ್ನು ಹೀರಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಅದರ ಶಕ್ತಿ ಮುಗಿಯುತ್ತದೆ. ನಿತ್ಯದ ಬಳಕೆಗೆ ಅದು ಬೇಕಾಗಿಲ್ಲ. ಮೀನಿಗೆ ಔಷಧಿ ಹಾಕುವಾಗಲಂತೂ ತೆಗೆದಿಡಲೇಬೇಕು, ಇಲ್ಲವಾದರೆ ಔಷಧಿಯನ್ನೇ ಹೀರಿಬಿಡುತ್ತದೆ.

ಎಷ್ಟು ಜೋರು ಬೇಕು?

ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 1,000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60, 30, 30 ಇದ್ದರೆ 54 ಲೀಟರ್. ಮೋಟಾರಿನ ಫಿಲ್ಟರಾದರೆ ತೊಟ್ಟಿಯ ನೀರು ಗಂಟೆಗೆ ನಾಲ್ಕರಿಂದ ಆರು ಬಾರಿ ಅದರ ಮೂಲಕ ಹಾಯಬೇಕೆಂಬುದು ಸಾಮಾನ್ಯ ನಿಯಮ. ಎಂದರೆ ಗಂಟೆಗೆ 200ರಿಂದ 300 ಲೀಟರ್ ಎಂದು ಬರೆದಿರುವುದು ಸಾಕು. ಪೆಟ್ಟಿಗೆಯ ಮೇಲಿನ ಅಂಕಿ ಸ್ಪಂಜಿಲ್ಲದ ಬರಿಯ ಮೋಟಾರಿನದಾಗಿರುವುದು ಹೆಚ್ಚು, ಬಳಕೆಯಲ್ಲಿ ಅದು ತಗ್ಗುತ್ತದೆ. ಹಾಗೆಂದು 600, 800 ಲೀಟರಿನದನ್ನು ತರಬೇಡಿ. ನಮಗೊಮ್ಮೆ ಅಂಗಡಿಯೊಂದರಲ್ಲಿ ದೊಡ್ಡದು ಕೊಂಡರೆ ಮುಂದೆ ತೊಂದರೆಯಿಲ್ಲವೆಂದು ಅಂಥದೊಂದನ್ನು ಕೊಟ್ಟರು. 40 ಲೀಟರಿನ ತೊಟ್ಟಿ ಮಿಕ್ಸಿಯ ಜಾರಿನಂತಾಯಿತು. ಗಪ್ಪಿಗಳು ಎದುರು ಮೂಲೆಯಲ್ಲಿ ಗಾಜಿಗೆ ಒತ್ತಿಕೊಂಡು ನಿಂತವು.

ಮೀನನ್ನು ನೋಡಿ ಹರಿವು ನಿರ್ಧರಿಸಬೇಕು. ಉದ್ದ ರೆಕ್ಕೆಯ ಬೆಟ್ಟಾ ಅಥವಾ ಫೈಟರ್ ಮೀನು ನಿಂತ ನೀರನ್ನು ಮೆಚ್ಚುವಂಥದು. ಅದೂ ಗೌರಾಮಿಯೂ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು. ಇದನ್ನೇ ಹಿಡಿದು, ಫೈಟರಿಗೆ ಫಿಲ್ಟರ್ ಬೇಡ, ಹೂಜಿಯಲ್ಲೂ ಬದುಕುತ್ತದೆ ಎನ್ನುತ್ತಾರೆ. ಉಸಿರಿಗೆ ಗಾಳಿ ಸಿಕ್ಕಿತು, ಸರಿ, ಅಮೋನಿಯಾದ ಗತಿಯೇನು? ಅದಕ್ಕೆ ಮೆಲ್ಲಗೆ ಓಡುವ ಸ್ಪಂಜ್ ಫಿಲ್ಟರೇ ತಕ್ಕದ್ದು. ನಮ್ಮ ದೇಶದ ಹಳ್ಳತೊರೆಗಳದೇ ಆದ ಜೀಬ್ರಾ ಡೇನಿಯೋ ಹರಿವನ್ನು ಇಷ್ಟಪಡುತ್ತದೆ. ಪಶ್ಚಿಮಘಟ್ಟದ ಹೊಳೆಗಳಿಂದ ಬಂದ, ಕೆಂಪು ಗೆರೆಯ ಮಿಸ್ ಕೇರಳ ಮೀನು ನೋಡಲು ಸುಂದರ, ಆದರೆ ಗೇಣುದ್ದದ ಹತ್ತಿರಕ್ಕೆ ಬೆಳೆದು ಗುಂಪಿನಲ್ಲಿ ಓಡಾಡುವ ಅದಕ್ಕೆ ನಮ್ಮ ಎರಡಡಿಯ ತೊಟ್ಟಿ ಸೆರೆಮನೆ. ಚಿನ್ನದ ಮೀನೂ ಹಾಗೆಯೇ. ಚಿಕ್ಕದೆಂದು ತಂದದ್ದು ದೊಡ್ಡದಾಗುತ್ತದೆ, ಹೊಲಸೂ ಅಷ್ಟೇ ಹೆಚ್ಚು. ಯಾವ ಫಿಲ್ಟರನ್ನು ತಂದರೂ ಸಣ್ಣ ತೊಟ್ಟಿಯಲ್ಲಿ ಅದನ್ನು ನಿಭಾಯಿಸುವುದು ಕಷ್ಟ.

ವಿದ್ಯುತ್ ಬಿಲ್ಲಿನ ಚಿಂತೆಯನ್ನು ಇಲ್ಲಿಯೇ ಮುಗಿಸೋಣ. 5 ವಾಟಿನ ಪಂಪು ಹಗಲಿರುಳು ಓಡಿದರೆ ತಿಂಗಳಿಗೆ 3.6 ಯೂನಿಟ್. ಅಷ್ಟೆ.

ನಲ್ಲಿಯ ನೀರು

ಫಿಲ್ಟರನ್ನು ಸರಿಯಾಗಿ ಆರಿಸಿಯೂ ಕೆಡಿಸಿಕೊಳ್ಳಬಹುದು. ನಾವೇ ಕೆಡಿಸಿಕೊಂಡವರು. ಎರಡು ವರ್ಷ ಚೆನ್ನಾಗಿ ನಡೆದಿದ್ದ ತೊಟ್ಟಿಯನ್ನು ಒಂದು ದೀಪಾವಳಿಗೆ ಮನೆಯೊಡನೆ ಶುಚಿ ಮಾಡಹೊರಟೆವು. ಕಂದುಬಣ್ಣಕ್ಕೆ ತಿರುಗಿದ್ದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಹೊಸದರಂತಾಗುವವರೆಗೆ ಹಿಂಡಿ, ಬಿಸಿಲಿಗಿಟ್ಟು ಒಣಗಿಸಿದೆವು. ಕಲ್ಲುಗಳನ್ನು ಉಜ್ಜಿ ತೊಳೆದೆವು. ನೀರನ್ನೆಲ್ಲ ಬದಲಿಸಿದೆವು. ಹಬ್ಬಕ್ಕೆ ಬಂದವರೆಲ್ಲ ತೊಟ್ಟಿಯನ್ನು ಮೆಚ್ಚಿದರು. ಐದನೆಯ ದಿನಕ್ಕೆ ಒಂಬತ್ತು ಮೀನುಗಳಲ್ಲಿ ಏಳು ಉಳಿಯಲಿಲ್ಲ. ರೋಗವಿರಬೇಕೆಂದು ಅಂಗಡಿಯವರು ಕೊಟ್ಟ ನೀಲಿ ಔಷಧಿಯನ್ನು ಉಳಿದೆರಡಕ್ಕೆ ಹಾಕಿದೆವು. ಆ ಬಗೆಯ ಔಷಧಿಗಳು ಅಳಿದುಳಿದ ಜೀವಾಣುಗಳಿಗೂ ಕೇಡೆಂಬುದು ಆಮೇಲೆ ತಿಳಿಯಿತು.

ನಗರಪಾಲಿಕೆಯ ನೀರಿನಲ್ಲಿ ಕ್ಲೋರಿನ್ ಇರುವುದೇ ಜೀವಾಣುಗಳನ್ನು ಕೊಲ್ಲಲೆಂದು. ನಮ್ಮ ಆರೋಗ್ಯಕ್ಕೆ ಅದು ಬೇಕು, ಸ್ಪಂಜಿಗೆ ಬೇಡ. ಸ್ಪಂಜನ್ನು ತೊಳೆಯುವುದೆಂದರೆ, ವಾರದ ನೀರು ಬದಲಿಸುವಾಗ ತೊಟ್ಟಿಯಿಂದ ತೆಗೆದ ನೀರನ್ನೇ ಬಕೆಟ್ಟಿನಲ್ಲಿಟ್ಟುಕೊಂಡು ಅದರಲ್ಲಿ ನಾಲ್ಕು ಸಲ ಮೆಲ್ಲಗೆ ಹಿಂಡುವುದು. ಕಸ ಹೋಗಬೇಕು, ಕಂದುಬಣ್ಣ ಉಳಿಯಬೇಕು. ಸಾಬೂನು ಸುತರಾಂ ಕೂಡದು. ಸ್ಪಂಜು ತೊಳೆದ ದಿನ ಕಲ್ಲುಗಳನ್ನು ಉಜ್ಜಬೇಡಿ. ತೊಟ್ಟಿಗೆ ಹಾಕುವ ಹೊಸ ನೀರನ್ನು ಅಗಲಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಆರಿಹೋಗುತ್ತದೆ. ಅವಸರವಿದ್ದರೆ ಅದಕ್ಕೆಂದೇ ಅಂಗಡಿಯಲ್ಲಿ ಹನಿಗಳು ಸಿಗುತ್ತವೆ. ವಾರಕ್ಕೆ ಕಾಲುಭಾಗ ನೀರು ಬದಲಿಸಿದರೆ ಸಾಕು. ನೀರು ಬದಲಿಸಿದರೆ ಬ್ಯಾಕ್ಟೀರಿಯಾಗಳು ಹೋಗುತ್ತವೆಂಬ ಭಯ ಬೇಡ, ಅವು ಇರುವುದು ಸ್ಪಂಜಿನಲ್ಲಿ. ಅಂತೆಯೇ, ಒಳ್ಳೆಯ ಫಿಲ್ಟರ್ ಇದೆಯಲ್ಲ, ನೀರೇಕೆ ಬದಲಿಸಬೇಕು ಎಂಬ ವಾದವೂ ನಿಲ್ಲದು. ನೈಟ್ರೇಟನ್ನು ಫಿಲ್ಟರ್ ಹೊರಹಾಕುವುದಿಲ್ಲ.

ಅಮೋನಿಯಾ ಪರೀಕ್ಷಿಸುವ ಹನಿಗಳ ಕಿಟ್ ಒಂದನ್ನು ಮೊದಲ ಎರಡು ತಿಂಗಳ ಮಟ್ಟಿಗಾದರೂ ಇಟ್ಟುಕೊಳ್ಳುವುದು ಒಳ್ಳೆಯದು. ಪಕ್ವವಾದ ತೊಟ್ಟಿಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು. ಬಣ್ಣ ಬದಲಾದರೆ ಅಂದೇ ಒಂದಿಷ್ಟು ನೀರು ಬದಲಿಸಿ, ಆಹಾರ ನಿಲ್ಲಿಸಿ. ಬಣ್ಣ ನೋಡಿ ಅಂಕಿ ಬರೆದಿಡುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದರೆ ಅವರು ನಮಗಿಂತ ಶ್ರದ್ಧೆಯಿಂದ ಮಾಡುತ್ತಾರೆ.

ಊರಿಗೆ ಹೊರಡುವಾಗ

ಹೊರನಾಡಿನಲ್ಲಿರುವ ನಮ್ಮಂಥವರಿಗೆ ಮಾತ್ರ ಹೇಳಬೇಕಾದ ಮಾತೊಂದು ಉಳಿದಿದೆ. ಮೇ ತಿಂಗಳ ರಜೆಗೋ ಚೌತಿಗೋ ಊರಿಗೆ ಹೊರಟಾಗ ಗ್ಯಾಸಿನ ನಾಬ್ ತಿರುಗಿಸಿ, ಮೇನ್ ಸ್ವಿಚ್ ಆರಿಸಿ, ಬೀಗ ಹಾಕುವುದು ನಮ್ಮೆಲ್ಲರ ರೂಢಿ. ಆ ಮೇನ್ ಸ್ವಿಚ್ಚಿನೊಡನೆ ಫಿಲ್ಟರೂ ನಿಲ್ಲುತ್ತದೆ. ಕರೆಂಟು ಒಂದೆರಡು ಗಂಟೆ ಹೋದರೆ ತೊಟ್ಟಿಯೊಳಗೆ ತೆರೆದಿರುವ ಸ್ಪಂಜಿಗೆ ಹೆಚ್ಚಿನ ಹಾನಿಯಿಲ್ಲ. ಮುಚ್ಚಿದ ಡಬ್ಬಿಯ ಫಿಲ್ಟರಾದರೆ ಒಳಗಿನ ಆಮ್ಲಜನಕ ಬೇಗ ತೀರಿ ಕೆಡುತ್ತದೆ. ಹಲವು ಗಂಟೆ ನಿಂತದ್ದನ್ನು ತೊಟ್ಟಿಯ ನೀರಿನಲ್ಲಿ ಜಾಲಾಡದೆ ಮತ್ತೆ ಓಡಿಸಬಾರದು. ಆದರೆ ಹತ್ತು ದಿನ ನಿಂತರೆ ಯಾವ ಫಿಲ್ಟರೂ ಉಳಿಯದು. ಮನೆಯ ಎಮ್‌ಸಿಬಿ ಪೆಟ್ಟಿಗೆಯಲ್ಲಿ ತೊಟ್ಟಿಯಿರುವ ಕೋಣೆಯದನ್ನು ಗುರುತಿಸಿ ಅದೊಂದನ್ನು ಬಿಟ್ಟು ಮಿಕ್ಕವನ್ನು ಆರಿಸಿ. ತೊಟ್ಟಿಯ ವೈರು ಪ್ಲಗ್ಗಿಗೆ ನೇರವಾಗಿ ಇಳಿಯದೆ, ಪ್ಲಗ್ಗಿಗಿಂತ ಕೆಳಕ್ಕೆ ಜೋಲಿ ಬಿದ್ದು ಮತ್ತೆ ಮೇಲೇರುವಂತಿರಲಿ; ವೈರಿನ ಮೇಲೆ ಹರಿದ ನೀರು ಜೋಲಿಯಲ್ಲಿಯೇ ತೊಟ್ಟಿಕ್ಕುತ್ತದೆ. ಕರೆಂಟು ಪದೇ ಪದೇ ಹೋಗುವ ಬಡಾವಣೆಯಾದರೆ ಬ್ಯಾಟರಿಯಿಂದ ನಡೆಯುವ ಗಾಳಿಪಂಪು ಸಿಗುತ್ತದೆ, ಕರೆಂಟು ಹೋದೊಡನೆ ತಾನಾಗಿ ಓಡುವ ಮಾದರಿಯನ್ನು ಕೇಳಿ.

ಹೊರಡುವ ಮುನ್ನಾದಿನ ಸ್ಪಂಜನ್ನು ತೊಳೆಯಬೇಡಿ, ನಾಲ್ಕು ದಿನ ಮೊದಲೇ ತೊಳೆದಿಡಿ. ಆರೋಗ್ಯವಾಗಿರುವ ದೊಡ್ಡ ಮೀನುಗಳು ಒಂದು ವಾರ ಆಹಾರವಿಲ್ಲದೆ ಇರಬಲ್ಲವು. ಅದಕ್ಕೂ ಹೆಚ್ಚು ದಿನವಾದರೆ ಪಕ್ಕದ ಮನೆಯವರಿಗೆ ಕೀಲಿಕೈ ಕೊಡಬೇಕಾಗುತ್ತದೆ. ಅವರಿಗೆ ಆಹಾರದ ಡಬ್ಬಿಯನ್ನು ಕೊಡಬೇಡಿ. ಮೀನು ಮೇಲೆ ಬಂದು ಬಾಯಿ ತೆರೆದರೆ ಹಸಿದಿದೆಯೆಂದು ಕರುಣೆಯಿಂದ ಅರ್ಧ ಡಬ್ಬಿ ಸುರಿದು ಬಿಡುತ್ತಾರೆ. ಅದು ಕೊಳೆತು ಹೊಮ್ಮುವ ಅಮೋನಿಯಾವನ್ನು ಎಂಥ ಹಳೆಯ ಸ್ಪಂಜೂ ತಾಳಲಾರದು. ಒಂದೊಂದು ಚಿಟಿಕೆಯನ್ನು ಕಾಗದದ ಪೊಟ್ಟಣ ಕಟ್ಟಿ, ಮೇಲೆ ದಿನಾಂಕ ಬರೆದು, ತೊಟ್ಟಿಯ ಪಕ್ಕದಲ್ಲಿ ಸಾಲಾಗಿ ಇಟ್ಟು ಹೋಗಿ. ಮೂರು ದಿನಕ್ಕೊಂದು ಪೊಟ್ಟಣ ಸಾಕು.